ಕೌದಿ ಬಯಲಿನ ನಾಲ್ಕನೇ ಮೂಲೆ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಅಫಜಲಪುರ ಠಾಣೆಗೆ ಬಂದ ಯುವತಿ ತನ್ನ ಬಯಲು ಕಳುವಾಗಿದೆ ಎಂದಳು.

"ಯಾವ ಸರ್ವೆ ನಂಬರ?" ಕಾನ್‌ಸ್ಟೆಬಲ್ ಚಂದಪ್ಪ ತಲೆ ಎತ್ತದೆ ಕೇಳಿದ.

"ಸರ್ವೆ ನಂಬರ ಇಲ್ರಿ. ಕಂಪ್ಯೂಟರದಾಗ ಅದ."

"ಕಂಪ್ಯೂಟರದಾಗ ಹೊಲ! ಪಹಣಿನೂ ಅಲ್ಲೇ ಸಿಗ್ತದೇನವ್ವಾ?"

"ಇತ್ತ ಕಳಿಸು ಚಂದಪ್ಪ," ಎಂದು ಇನ್ಸ್‌ಪೆಕ್ಟರ್ ಅಮರನಾಥ ಒಳಗಿನಿಂದ ಕರೆದರು.

ಅವಳ ಹೆಸರು ಪಂಚಶೀಲಾ. ಕಲಬುರಗಿಯಲ್ಲಿ ಚಿತ್ರಕಲೆ ಓದಿದವಳು. ಅವಳು ಕೆಲಸ ಮಾಡುವ ಆನ್‌ಲೈನ್ ಲೋಕದಲ್ಲಿ ದೇಶದೇಶದ ಜನ ಗೊಂಬೆಯ ರೂಪದಲ್ಲಿ ಬಂದು ಓಡಾಡುತ್ತಾರೆ, ಮನೆ ಕಟ್ಟಿಸುತ್ತಾರೆ, ಬಟ್ಟೆ ತೊಡುತ್ತಾರೆ. ಆ ಮನೆ, ಆ ಬಟ್ಟೆ ಮಾಡಿಕೊಡುವವರು ಅವಳಂಥ ಕಲಾವಿದರು. ಎರಡು ವರ್ಷ ಕೂತು ಅವಳು ಅಲ್ಲಿ ಒಂದು ಕೌದಿಯನ್ನು ಹರವಿದ್ದಳು. ಹಳೇ ಸೀರೆಯ ಒಂದೊಂದು ತುಂಡೂ ಒಂದೊಂದು ಹೊಲದಷ್ಟು ಅಗಲ. ಮೂರು ಮೂಲೆ ಹೊಲಿದು, ನಾಲ್ಕನೆಯದನ್ನು ಬಾಗಿಲೆಂದು ತೆರೆದೇ ಬಿಟ್ಟಿದ್ದಳು. ಬಂದವರು ಅಲ್ಲಿಂದ ಒಳಹೊಕ್ಕು ಟಾಕಾಗಳ, ಅಂದರೆ ಕೈಹೊಲಿಗೆಯ ಸಾಲುಗಳ ಮೇಲೆ ನಡೆಯಬೇಕು. ಹೆಸರು ಕೌದಿ ಬಯಲು. ಆ ಲೋಕದವರು ಬರುವ ಶನಿವಾರ ಒಬ್ಬ ಕಲಾವಿದರನ್ನು ಆರಿಸಿ ಇಡೀ ಒಂದು ಊರು ಕಟ್ಟಲು ಕೊಡುವವರಿದ್ದರು. ಸೋಮವಾರದಿಂದ ಅವಳ ಪಾಸ್‌ವರ್ಡ್ ನಡೆಯುತ್ತಿರಲಿಲ್ಲ. ಬಯಲಿನ ಮುಂದಿನ ಫಲಕದಲ್ಲಿ 'ಸೂಜಿಮಲ್ಲಿಗೆ' ಎಂಬ ಬೇರೆ ಹೆಸರಿತ್ತು.

"ಶನಿವಾರ ದಾಟಿದ್ರ ಮುಗೀತ್ರಿ ಸರ. ಊರು ಆ ಹೆಸರಿಗೆ ಹೋಗ್ತದ. ನಾನೇ ಕಳ್ಳಿ ಅಂತಾರ."

ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಜೀವವಿದ್ದಂತೆ, ಈ ಹುಡುಗಿಯ ಎರಡು ವರ್ಷ ಒಂದು ಪಾಸ್‌ವರ್ಡಿನೊಳಗಿತ್ತು. ಯಾರೋ ಗಿಳಿಯ ಕತ್ತು ಹಿಡಿದಿದ್ದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು.

"ಯಾರ ಮ್ಯಾಲರೆ ಅನುಮಾನ?"

"ಸ್ಪರ್ಧಾದಾಗ ಭಾಳ ಮಂದಿ ಅದಾರ್ರಿ. ಯಾರಂತ ಹೇಳ್ಲಿ?"

ಹೆಡ್ ಕಾನ್‌ಸ್ಟೆಬಲ್ ಶಿವಕಾಂತಾ ಅವಳ ಫೋನು ಪರಿಶೀಲಿಸಿದರು. ಅಳಿಸಿದ ಸಂದೇಶಗಳ ನಡುವೆ ಒಂದು ಒಟಿಪಿ ಇತ್ತು. ಭಾನುವಾರ ಮಧ್ಯಾಹ್ನ 12.40ಕ್ಕೆ ಬಂದದ್ದು.

"ಆಗ ಎಲ್ಲಿದ್ದಿ?"

"ಖಜೂರಿದಾಗ. ನಮ್ಮವ್ವನ ತವರುಮನಿ. ತೊಟ್ಟಿಲ ಕಾರ್ಯ ಇತ್ರಿ."

"ಫೋನು?"

"ಕೂಸಿನ ಫೋಟೊ ನೋಡಾಕ ಎಲ್ಲಾರ ಕೈಯಾಗೂ ಅಡ್ಡಾಡ್ತು."

ಅಂದರೆ ಕಳ್ಳತನ ಮನೆಯೊಳಗಿನದು. ಅಮರನಾಥ ಬಯಲನ್ನೇ ನೋಡಬೇಕೆಂದರು. ಠಾಣೆಯ ಕಂಪ್ಯೂಟರಿನಲ್ಲಿ ಶಿವಕಾಂತಾ ಒಂದು ಗೊಂಬೆಯಾಗಿ ಆ ಲೋಕಕ್ಕೆ ಇಳಿದರು. ಗೊಂಬೆ ಬಯಲನ್ನು ಒಂದು ಸುತ್ತು ಹಾಕಿತು. ಮತ್ತೊಂದು ಸುತ್ತು ಹಾಕಿತು.

"ಒಳಗ ಹೋಗಾಕ ದಾರಿನೇ ಇಲ್ಲ ಸರ."

ತೆರೆದಿರಬೇಕಿದ್ದ ನಾಲ್ಕನೇ ಮೂಲೆಯ ಮೇಲೆ ಕೆಂಪು ಬಟ್ಟೆಯ ಮುಕ್ಕೋನವೊಂದನ್ನು ಹೊಲಿದು ಮುಚ್ಚಲಾಗಿತ್ತು.

"ಇದೆಂಥಾ ಕಳ್ಳಲೇ ಇವ?" ಚಂದಪ್ಪ ನಕ್ಕ. "ಎಮ್ಮಿ ಕದ್ದು, ಕೊಟ್ಟಿಗಿ ಬಾಗಲಕ್ಕ ಗ್ವಾಡಿ ಕಟ್ಟಿ ಕುಂತಾನ!"

ಪಂಚಶೀಲಾ ನಗಲಿಲ್ಲ. ಚಿತ್ರವನ್ನು ಹಿಗ್ಗಿಸಿದಳು. ಮುಕ್ಕೋನದ ಅಂಚಿನಡಿ ರೊಟ್ಟಿಯ ಚೂರೊಂದು ಇಣುಕುತ್ತಿತ್ತು, ಮೈತುಂಬ ಎಳ್ಳು.

"ಕೌದಿ ಮುಗಸುವಾಗ ಕಡೀ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲೀತಾರ್ರಿ," ಎಂದಳು. "ಹಸದ ಕೌದಿ ಹೊಚ್ಕೋಬಾರದಂತ."

"ನಮ್ಮ ಕಡೆನೂ ಅದ," ಶಿವಕಾಂತಾ ಹೇಳಿದರು. "ಆದ್ರ ಜ್ವಾಳದ ರೊಟ್ಟಿ."

"ಎಲ್ಲಾರದೂ ಜ್ವಾಳದ್ದೇ ಮೇಡಂ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇಡಾಕಿ ನಮ್ಮ ಆಯಿ ಒಬ್ಬಾಕೀನೇ."

"ನಿಮ್ಮ ಅಜ್ಜಿ ಕಡೆ ಹೊಲಿಯಾಕ ಕಲ್ತವರು ಯಾರ್ಯಾರು?" ಅಮರನಾಥ ಕೇಳಿದರು.

"ನಾನು."

"ಮತ್ತ?"

ಅವಳು ಮುಕ್ಕೋನದ ಟಾಕಾ ಸಾಲನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಕಳುವಿನ ಸಿಟ್ಟಿಗಿಂತ ಹಳೆಯ ಉರಿಯೊಂದಿತ್ತು. ಅಷ್ಟು ನೆಟ್ಟಗಿನ ಸಾಲು ಅವಳ ಕೈಯಿಂದ ಎಂದೂ ಬಿದ್ದಿರಲಿಲ್ಲ.

"ಮಧುಮತಿ ಅಕ್ಕ. ನಮ್ಮ ದೊಡ್ಡವ್ವನ ಮಗಳು. ಜೇವರ್ಗಿದಾಗ ಬ್ಲೌಸ್ ಹೊಲೀತಾಳ."

ಬುಧವಾರ ಆಳಂದ ದಾಟಿ ಜೀಪು ಖಜೂರಿಗೆ ಹೋಯಿತು. ಅಜ್ಜಿ ಕಸ್ತೂರಿಬಾಯಿ ಅಂಗಳದಲ್ಲಿ ಕೂತು ಹಳೇ ಇಳಕಲ್ ಸೀರೆಯನ್ನು ಹರಿಯುತ್ತಿದ್ದಳು.

"ಮೊಮ್ಮಕ್ಕಳೊಳಗ ಯಾರ ಕೈ ಚಲೋ ಅದಬೇ ಆಯಿ?" ಶಿವಕಾಂತಾ ಕೇಳಿದರು.

"ಮಧೂಂದು. ಪಂಚೀ ಟಾಕಾ ಅಂದ್ರ ಸೆರೆ ಕುಡದ ಇರುವಿ ಸಾಲು!"

"ಮಂದಿ ಹೊಗಳೂದು?"

"ಈಗೆಲ್ಲಾ ಪಂಚೀನ್ನ. ತೊಟ್ಟಲ ದಿನ ಅದ್ಯಾವುದೋ ಕಣ್ಣಿಗಿ ಕಟ್ಟೂ ಡಬ್ಬಿ ತಂದಿದ್ಲು. ಎಲ್ಲಾರೂ ಕಟ್ಕೊಂಡು, ಆಕಿ ಬಯಲಾಗ ಅಡ್ಡಾಡಿ ಬಂದು ಅಯ್ಯಯ್ಯ, ಅಯ್ಯಯ್ಯ ಅಂದ್ರು. ಮಧೂನೂ ಕಟ್ಕೊಂಡ್ಲು." ಅಜ್ಜಿ ಸೀರೆ ಹರಿಯುವುದನ್ನು ನಿಲ್ಲಿಸಿದಳು. "ತೆಗದ ಮ್ಯಾಲ ಉಣ್ಣಲಿಲ್ಲ ಆಕಿ. ಹೋಳಿಗಿ ಇದ್ರೂ ಉಣ್ಣಲಿಲ್ಲ."

ಗುರುವಾರ ಜಿಲ್ಲಾ ಸೈಬರ್ ಘಟಕದಿಂದ ಉತ್ತರ ಬಂತು. ಕಳುವಾದ ಖಾತೆಯನ್ನು ಸೋಮವಾರ ತೆರೆದದ್ದು ಜೇವರ್ಗಿ ಬಸ್ ನಿಲ್ದಾಣದ ಬದಿಯ ಆನ್‌ಲೈನ್ ಸೆಂಟರಿನಿಂದ. ಮಾಲೀಕ ಸಲಾವುದ್ದೀನನಿಗೆ ಮಧುಮತಿಯ ಫೋಟೊ ತೋರಿಸಿದ ಕೂಡಲೇ ಗುರುತು ಹತ್ತಿತು.

"ಹೌದ್ರಿ ಸಾಬ್. ಎರಡು ತಿಂಗಳಿಂದ ಬ್ಲೌಸಿನ ಡಿಸೈನ್ ಮಾಡೂದು ಕಲಿಯಾಕ ಬರ್ತಾರ. ಮೊದಲು ಮೌಸ್ ಹಿಡಿಯಾಕ ಬರ್ತಿದ್ದಿಲ್ಲ, ಈಗ ನನಗೇ ಕಲಿಸ್ತಾರ. ಸೋಮವಾರ ನನ್ನ ಸ್ಕ್ಯಾನರ್ ಮ್ಯಾಲ ರೊಟ್ಟಿ ಇಟ್ಟಾರ! ಆಧಾರ್ ಕಾರ್ಡ್ ಇಡೂ ಜಾಗಾರಿ ಅದು."

"ಸ್ಕ್ಯಾನರ್ ಒರಸೀರೇನು?"

"ಟೈಮ್ ಎಲ್ಲಿ ಅದರಿ?"

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆಯಿತು. ಕಂಪ್ಯೂಟರಿನ ಜೊತೆಗೆ, ಸ್ಕ್ಯಾನರಿನ ಗಾಜಿನ ಸಂದಿಯಿಂದ ತೆಗೆದ ಎಳ್ಳನ್ನೂ ಲಕೋಟೆಗೆ ಹಾಕಿ ಅರಗು ಒತ್ತಿದರು. ಸಹಿ ಮಾಡುವಾಗ ಒಬ್ಬ ಪಂಚ ಚಂದಪ್ಪನನ್ನು ಮೆಲ್ಲಗೆ ಕೇಳಿದ: "ಎಳ್ಳಿಗೂ ಸಾಕ್ಷಿ ಬೇಕೇನ್ರಿ?"

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಮಧುಮತಿಯ ಬಾಗಿಲಿಗೆ ಹೋದರು. ಸಾದಾ ಸೀರೆಯಲ್ಲಿದ್ದ ಶಿವಕಾಂತಾ ಮುಂದೆ ನಿಂತರು.

"ಬರ್ರಿ ಅಕ್ಕೋರ. ಅಳತಿ ಬ್ಲೌಸ್ ತಂದೀರೇನು?"

"ಇಲ್ಲವ್ವ. ಪಂಚಶೀಲಾನ ಬಯಲಿನ ಸಂಬಂಧ ಬಂದೀವಿ."

ಮಧುಮತಿ ಮಷೀನಿನ ಗಾಲಿಯನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದಳು. ಕೈಯಲ್ಲಿದ್ದ ಬ್ಲೌಸಿನ ತೋಳಿನ ತುಂಡನ್ನು ಮಡಚಿಟ್ಟಳು. ಬಂಧನದ ಕಾರಣವನ್ನು ಓದಿ ಹೇಳಿ, ಅವಳ ತಾಯಿಗೆ ತಿಳಿಸಿ, ಜೀಪು ಹತ್ತಿಸಿದರು.

ಠಾಣೆಯಲ್ಲಿ ಅಮರನಾಥ ಕೇಳಿದರು. "ಒಟಿಪಿ ನೋಡಿದವಳು ನೀನೇ?"

"ಹೌದ್ರಿ. ಅಲ್ಲೇ ನನ್ನ ಫೋನಿನಾಗ ಪಾಸ್‌ವರ್ಡ್ ಬದಲಿ ಮಾಡ್ದೆ."

"ಮಾರಾಕ?"

"ಇಲ್ರಿ."

"ಊರು ಕಟ್ಟಾಕ?"

"ನನಗ್ಯಾಕ್ರಿ ಊರು? ಆ ಡಬ್ಬಿ ಕಟ್ಕೊಂಡು ಒಳಗ ಹೋದೆ. ನಾ ಹೊಲದ ಕೌದಿ ಸರ ಅದು, ಆಯಿ ಮನ್ಯಾಗ ಹೊಚ್ಕೊಳ್ಳೂದು. ಈಕಿ ಅದರ ಫೋಟೊ ಹೊಡದು ಹಂಗೇ ಹಾಸ್ಯಾಳ. ಒಂದು ಗೊಂಬಿ ಬಂದು ಬಗ್ಗಿ ಟಾಕಾ ಮುಟ್ಟಿ ನೋಡ್ತು. ಆಮ್ಯಾಲ ಎದ್ದು ಹೋಗಿ ಫಲಕ ಓದ್ತು. ಅಲ್ಲಿ ಈಕಿ ಹೆಸರು."

ಗುರುತು ಹೇಳಲು ಬಂದಿದ್ದ ಪಂಚಶೀಲಾ ಬಾಗಿಲಲ್ಲಿ ನಿಂತಿದ್ದಳು. "ನಿನ್ನನ್ನ ಕರದಿದ್ದೆ ಅಕ್ಕ. ಕೂಡಿ ಮಾಡೂಣು ಅಂದಿದ್ದೆ. ಹುಡುಗರ ಆಟ ಅಂತ ನಕ್ಕಿ. ಹೆಸರು ಹಾಕು ಅಂದಿದ್ರ ಹಾಕ್ತಿದ್ದೆ."

"ಕೇಳಿ ಹಾಕಿಸ್ಕೊಳ್ಳೂ ಹೆಸರು ಏನ್ ಹೆಸರಬೇ?"

"ಸಣ್ಣಾಕಿದ್ದಾಗಿಂದ ಎಲ್ಲಾರೂ ನಿನ್ನ ಕೈ ನೋಡಿದ್ರು," ಪಂಚಶೀಲಾ ಹೇಳಿದಳು. "ನನ್ನದ ನೋಡಿ ನಕ್ಕರು. ನನಗೂ ಒಂದು ಹೆಸರು ಬೇಕಾಗಿತ್ತು."

ಮಧುಮತಿ ಹೇಳಿದ ಹೊಸ ಪಾಸ್‌ವರ್ಡ್ ಬರೆದುಕೊಂಡು ಶಿವಕಾಂತಾ ಖಾತೆಯನ್ನು ತೆರೆಸಿದರು, ಫಲಕದ ಹೆಸರು ಬದಲಾಯಿತು. ಬಾಗಿಲು ಬಿಚ್ಚಲು ಪಂಚಶೀಲಾ ಮನೆಗೆ ಓಡಿದಳು.

ಜಾಮೀನಾಗಬಹುದಾದ ಕಲಂ. ಮಧ್ಯಾಹ್ನ ಕಾಗದಗಳಿಗೆ ಸಹಿ ಮಾಡಿದ ಮೇಲೂ ಮಧುಮತಿ ಏಳಲಿಲ್ಲ.

"ಸರ, ಸೂಜಿಮಲ್ಲಿಗೆ ಅಂತ ನನ್ನ ಹೆಸರಿದ್ದಾಗ ಎಷ್ಟು ಮಂದಿ ನೋಡಿದ್ರು?"

ಅಮರನಾಥ ಸುಳ್ಳು ಹೇಳಬಹುದಿತ್ತು. "ಯಾರೂ ಇಲ್ಲವ್ವ. ಒಳಗ ಹೋಗಾಕ ಜಾಗಾ ಎಲ್ಲಿತ್ತು? ನೀನೇ ಹೊಲದುಬಿಟ್ಟಿದ್ದಿ."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಅದು ಬಾಗಲಾ ಅಂತ ನನಗ ಗೊತ್ತಿತ್ರಿ," ಎಂದಳು. "ಆದ್ರೂ ಬಿಡಾಕ ಆಗಲಿಲ್ಲ. ಕೌದಿ ಹಸದಿತ್ತು."

ಶನಿವಾರ ಆ ಊರು ಪಂಚಶೀಲಾಳಿಗೆ ಸಿಕ್ಕಿತು. ಸುದ್ದಿ ತಿಳಿದ ದಿನ ಅಮರನಾಥ ದೋಷಾರೋಪಣ ಪಟ್ಟಿ ಬರೆಯುತ್ತಿದ್ದರು. ಕೃತ್ಯದ ಉದ್ದೇಶ ಎಂಬಲ್ಲಿ ಮೊದಲು 'ಅಸೂಯೆ' ಎಂದು ಬರೆದರು. ಸಾಲದೆನಿಸಿತು. ಪಕ್ಕದಲ್ಲಿ ಸೇರಿಸಿದರು: ಆರೋಪಿತಳು ತಾನು ಹೊಲಿದ ಬಟ್ಟೆಯ ಮೇಲೆ ನಡೆದು ಹೋಗಿ, ಕೊನೆಯಲ್ಲಿ ಬೇರೆಯವರ ಹೆಸರು ಓದಿದ್ದಾಳೆ.