ಕೌದಿಯ ಮೇಲಿನ ಲ್ಯಾಪ್‌ಟಾಪ್

"ಎಸ್‌ಎಸ್‌ಡಿ ಹಾಕಿದ್ರ ತಣ್ಣಗ ಇರ್ತದ ಅಂದಿದ್ರಿ. ನಿನ್ನೆ ಇದರ ಮ್ಯಾಲ ರೊಟ್ಟಿ ಬೇಯಿಸಬಹುದಿತ್ತು!"

ನೀಲಾ ಲ್ಯಾಪ್‌ಟಾಪನ್ನು ಅಥಣಿ ರಸ್ತೆಯ ರಿಪೇರಿ ಅಂಗಡಿಯ ಟೇಬಲ್ಲಿನ ಮೇಲಿಟ್ಟು, ಎದೆಯ ಮೇಲೆ ಕೈ ಕಟ್ಟಿ ನಿಂತಳು.

ಅಂಗಡಿಯ ಅಜಿತ ಸೋಲುವವರ ಪೈಕಿ ಅಲ್ಲ. "ಹಳೇ ಹಾರ್ಡ್ ಡಿಸ್ಕ್ ಗರಗರ ತಿರಗತಿತ್ತು, ಕಾಯತಿತ್ತು. ಅದರ ಜಾಗಾದಾಗ ಹಾಕಿದ ಈ ಎಸ್‌ಎಸ್‌ಡಿ ತಿರಗೂದ ಇಲ್ರಿ. ಹೆಂಗ ಸುಡತದ?"

ಹಚ್ಚಿಟ್ಟು ನೋಡಿದ. ಎಷ್ಟು ಹೊತ್ತಾದರೂ ಅದು ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗೇ ಇತ್ತು. ಅವನ ಮೀಸೆಯಂಚಿನಲ್ಲಿ ನಗು ಇಣುಕಿತು.

"ನಿಮ್ಮ ಮುಂದ ಶಾಣ್ಯಾ ಆಗತದ," ಅಂದಳು ನೀಲಾ. "ಮನ್ಯಾಗ ನಡುವ ಬಂದ್ ಬೀಳತದ. ರವಿವಾರ ಮಧ್ಯಾಹ್ನ ಕಾಲೇಜಿನವರ ಮುಂದ ಆನ್‌ಲೈನ್ ಪಾಠ ಮಾಡಿ ತೋರಸಬೇಕು. ಬಂದ್ ಆದ್ರ ನೌಕರಿ ಕೈ ತಪ್ಪತದ."

"ಬಂದ್ ಆದ್ರ ಅಂಗಡಿ ಬೋರ್ಡ್ ಇಳಸ್ತೀನಿ."

"ಹಂಗಾದ್ರ ನಮ್ಮೂರು ಹೊನವಾಡಕ್ಕ ಬರ್ರಿ. ನಮ್ಮ ಮನ್ಯಾಗ ನಿಂತ ನೋಡ್ರಿ."

ಮಾತು ಬಾಯಿ ದಾಟಿದ ಮೇಲೆ ಅವಳ ಕೆನ್ನೆಗಳೇ ಕಾದವು. ಅವನು ಮಾತ್ರ ಸ್ಕ್ರೂಡ್ರೈವರ್ ಒರೆಸುತ್ತ, "ಬರ್ತೀನ್ರಿ," ಅಂದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ರವಿವಾರ ಮುಂಜಾನೆಯ ಬಸ್ಸಿಗೇ ಬಂದ. ಬಾಗಿಲಲ್ಲೇ ನೀಲಾಳ ಆಯಿ ರುಕ್ಮವ್ವ ಎದುರಾಗಿ, ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಮೇಜಿನ ಮೇಲೆ ನಾಲ್ಕು ಮಡಿಕೆಯ ಕೌದಿ. ಅದರ ಮೇಲೆ ಪಟ್ಟಕ್ಕೆ ಕೂತಂತೆ ಲ್ಯಾಪ್‌ಟಾಪ್.

"ನನ್ನ ಮದಿವಿ ಸೀರಿ ಹಚ್ಚಿ ಹೊಲಿದ ಕೌದಿ. ಈ ಮನ್ಯಾಗ ಮೊದಲ ಎಂ.ಎ. ಓದಿದಾಕಿ ನನ್ನ ಮೊಮ್ಮಗಳು. ಅಕಿ ದುಡದ ತಂದದ್ದನ್ನ ಬರೇ ಕಟ್ಟಗಿ ಮ್ಯಾಲ ಇಡತೀವೇನಪಾ?"

ಅಜಿತ ಹಚ್ಚಿದ. ಸ್ವಲ್ಪ ಹೊತ್ತಿಗೆ ಒಳಗಿನ ಫ್ಯಾನ್ ಗೋಳಿಡತೊಡಗಿತು. ನೀಲಾ ಕೌದಿಗೂ ಲ್ಯಾಪ್‌ಟಾಪಿಗೂ ನಡುವೆ ಬೆರಳು ತೂರಿಸಿ ಸರ್ರನೆ ಹಿಂದೆಳೆದಳು. ಗಾಳಿಯ ಕಂಡಿಗಳೆಲ್ಲ ಅರಿವೆಯಲ್ಲಿ ಹುದುಗಿದ್ದವು! ಇಬ್ಬರ ಕಣ್ಣೂ ಕೂಡಿದವು. ಆಯಿಯ ಮುಖ ಹೆಮ್ಮೆಯಿಂದ ಬೆಳಗುತ್ತಿತ್ತು. ನಿನ್ನ ಅಕ್ಕರೆಯೇ ಇದನ್ನು ಸುಡುತ್ತಿದೆ ಎಂದು ಯಾವ ಬಾಯಿಂದ ಹೇಳುವುದು?

ಅಜಿತ ಮೆಲ್ಲಗೆ ಕೇಳಿದ: "ಆಯಿ, ನಿಮ್ಮೂರಾಗ ದ್ರಾಕ್ಷಿ ಒಣಸೂ ಶೆಡ್ಡಿಗೆ ಸುತ್ತ ಗ್ವಾಡಿ ಯಾಕ ಕಟ್ಟೂದಿಲ್ಲ?"

"ಗಾಳಿ ಆಡಬೇಕಲ್ಲೋ ಯಪ್ಪಾ, ಇಲ್ಲಾಂದ್ರ ಮಾಲ ಕೆಡತದ..." ಆಯಿಯ ನೋಟ ಲ್ಯಾಪ್‌ಟಾಪಿಗೆ ಹೋಯಿತು, ಕೌದಿಗೆ ಇಳಿಯಿತು. "ಅಯ್ಯ! ಇದರ ಮೂಗ ಮುಚ್ಚೇನೇನ ನಾ?"

ನಗುತ್ತಲೇ ಒಳಗೆ ಹೋಗಿ ಒಂದು ಮಣೆ ಹೊತ್ತು ತಂದಳು. "ಮದಿಮಕ್ಕಳು ಕುಂದ್ರೂ ಮಣಿ. ಇದೂ ಮರ್ಯಾದಿನ. ಕೆಳಗ ಗಾಳೀನೂ ಆಡತದ."

ಮಧ್ಯಾಹ್ನದ ಪಾಠ ಮಣೆಯ ಮೇಲಿಂದ ಎಲ್ಲಿಯೂ ಕಡಿಯದೆ ಹರಿಯಿತು. ಪಡಸಾಲೆಯಲ್ಲಿ ಕೂತ ಅಜಿತ ಅವಳ ದನಿಯನ್ನು, ಮನೆಯವನೇ ಎಂಬಂತೆ, ಎದೆಯುಬ್ಬಿಸಿ ಕೇಳಿದ.

ಕಾಲೇಜಿನವರು ಕಡೆಗೆ "ಮುಂದಿನ ವಾರದಿಂದ ಬರ್ರಿ ಮೇಡಂ" ಅಂದದ್ದೂ ಅವನಿಗೆ ಕೇಳಿಸಿತು. ನೀಲಾ ಹೊರಗೆ ಬಂದಾಗ ಎದ್ದು ನಿಂತ.

"ತಪ್ಪ ನಂದ್ರಿ. ಎಸ್‌ಎಸ್‌ಡಿಯಿಂದ ಕಾವು ತುಸು ಕಡಿಮಿ ಆಗತದ, ಅಷ್ಟ. ಉಳಿದದ್ದು ಗಾಳಿ ಕೆಲಸ. ತಣ್ಣಗ ಇರ್ತದ ಅಂತ ಸುಮ್ನ ಜಂಬ ಕೊಚ್ಚಿದೆ."

"ಎಲ್ಲಾ ಗಿರಾಕಿ ಮುಂದೂ ಹಿಂಗ ಕೊಚ್ಚತೀರೇನು?"

"ಉಳಿದವರಿಗೆ 'ನೋಡಿ ಹೇಳ್ತೀನ್ರಿ' ಅಂತೀನಿ. ನಿಮ್ಮ ಮುಂದ ಹಂಗ ಅನ್ನಾಕ ಮನಸ ಒಪ್ಪಲಿಲ್ಲ."

ನೀಲಾ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಅಷ್ಟರಲ್ಲಿ ಆಯಿ ಬಂದು, ಯಾವ ಬೀಗರಿಗೂ ಹಾಸದ ಅದೇ ಕೌದಿಯನ್ನು ಪಡಸಾಲೆಯಲ್ಲಿ ಬಿಡಿಸಿ ಹಾಸಿದಳು. "ಕುಂದ್ರಪಾ. ಊಟ ಮಾಡಿ ಹೋಗಬೇಕು."

"ಹುಷಾರ್ರಿ," ನೀಲಾ ಕಣ್ಣಂಚಲ್ಲೇ ನಕ್ಕಳು. "ಅದರ ಮ್ಯಾಲ ಕುಂತದ್ದು ಕಾಯತದ."

ಅಜಿತ ಕೌದಿಯ ಮೇಲೆ ಕೂತು, ಅವಳಿಗಷ್ಟೇ ಕೇಳುವಂತೆ ಅಂದ: "ನಾ ಮುಂಜಾನಿ ಬಸ್ ಹತ್ತುವಾಗನ ಕಾದೀನ್ರಿ."