ಲೋಟದ ಮೇಲಿನ ಬಿಸ್ಕತ್ತು

ಬೆಳಿಗ್ಗೆ ಏಳು ಗಂಟೆಗೆ ಊಟದ ಡಬ್ಬವನ್ನು ಫ್ರಿಜ್ಜಿನಲ್ಲಿಟ್ಟು ಸ್ಟುಡಿಯೋದ ಒಂಬತ್ತನೆಯ ಸ್ಟೇಜಿನ ಬಾಗಿಲು ತೆಗೆದೆ. ಕುಂಬಳಕಾಯಿ ಎರಡು ಹೋಳಾಗಿ ಬಿದ್ದಿತ್ತು.

ಒಂಬೈನೂರು ಪೌಂಡಿನ ಕಾಯಿ. ಅದನ್ನು ಲಾರಿಯಲ್ಲಿ ತರಿಸಿ, ಹದಿನೈದು ದಿನ ಒದ್ದೆ ಬಟ್ಟೆ ಹೊದಿಸಿ ಕಾಪಾಡಿದವನು ನಾನು. ಚಿತ್ರದ ಸಾಮಾನುಗಳ ಹೊಣೆ ನನ್ನದು. ನನ್ನದೇ ಗರಗಸ ಈಗ ಅದರ ತಿರುಳಿನಲ್ಲಿ ಸಿಕ್ಕಿಕೊಂಡು ನಿಂತಿತ್ತು. ನೆಲದ ತುಂಬ ಬೀಜ. ಪಕ್ಕದ ಮರದ ಪೆಟ್ಟಿಗೆಯ ಮೇಲೆ ಅರ್ಧ ಲೋಟ ಚಹಾ ತಣ್ಣಗಾಗಿತ್ತು. ಲೋಟದ ಬಾಯಿಗೆ ಒಂದು ದುಂಡು ಬಿಸ್ಕತ್ತನ್ನು ಮುಚ್ಚಳದಂತೆ ಮುಚ್ಚಿದ್ದರು.

ನಮ್ಮ ತಂಡದಲ್ಲಿ ಚಹಾ ಕುಡಿಯುವವನು ಒಬ್ಬನೇ.

"ಡೆಸ್ಮಂಡ್!" ಓಡಿಬಂದ ನಿರ್ಮಾಪಕ ಗಿಲ್ ಬ್ರಾನಕ್ ಗುಡುಗಿದ. "ಆ ಇಂಗ್ಲೆಂಡಿನವನದ್ದೇ ಕೆಲಸ! ಹೊಟ್ಟೆಕಿಚ್ಚು, ಇನ್ನೇನು?"

ಡೆಸ್ಮಂಡ್ ಪಾರ್ಜಿಟರ್ ಮೂರು ವರ್ಷದ ಹಿಂದೆ ಯಾರ್ಕ್‌ಶೈರಿನಲ್ಲಿ ಒಂದು ಸಣ್ಣ ಹಾಸ್ಯಚಿತ್ರ ಮಾಡಿದ್ದ. ಬರೆದವನೂ ಅವನೇ, ನಾಯಕನೂ ಅವನೇ. ಹೆಂಡತಿಯನ್ನು ಕಳೆದುಕೊಂಡ ಮುದುಕನೊಬ್ಬ, ಅವಳು ನೆಟ್ಟ ಬಳ್ಳಿಯ ಸೋರೆಕಾಯಿಯನ್ನು ಊರಿನ ತರಕಾರಿ ಸ್ಪರ್ಧೆಗೆ ಒಯ್ಯುವ ಕಥೆ. ಇಲ್ಲಿ ಮತ್ತೆ ತೆಗೆಯಲೆಂದು ನಮ್ಮವರು ಅದರ ಹಕ್ಕು ಕೊಂಡರು. ಸೋರೆಕಾಯಿ ಕುಂಬಳಕಾಯಿ ಆಯಿತು, ಯಾರ್ಕ್‌ಶೈರ್ ಓಹಾಯೊ ಆಯಿತು, ಚಹಾ ಹೋಗಿ ಬಿಯರ್ ಬಂತು. ನಾಯಕನ ಪಾತ್ರ ದೊಡ್ಡ ತಾರೆ ರೋರಿ ಕ್ಯಾಸ್ಟಲೇನನ ಪಾಲಾಯಿತು. ಮೂಲ ಚಿತ್ರದವನಿಗೆ ಮರ್ಯಾದೆಗೊಂದು ಪುಟ್ಟ ವೇಷ ಕೊಡುವುದು ಹಾಲಿವುಡ್ಡಿನ ವಾಡಿಕೆ. ಡೆಸ್ಮಂಡನಿಗೆ ಸಿಕ್ಕಿದ್ದು ತೂಕ ನೋಡುವ ತೀರ್ಪುಗಾರನ ವೇಷ. ಒಂದೇ ಮಾತು: "ಒಂಬೈನೂರ ಹನ್ನೆರಡು ಪೌಂಡು, ಪಾಪ."

ಹಿಂದಿನ ದಿನದ ತಾಲೀಮಿನಲ್ಲಿ ಆ "ಪಾಪ"ಕ್ಕೆ ದೀಪದವರು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ರೋರಿಯ ಮೂರು ಪುಟದ ಮಾತಿಗೆ ಯಾರೋ ಒಬ್ಬರು ಕೆಮ್ಮಿದ್ದರು.

"ಅವನನ್ನು ಇವತ್ತೇ ವಿಮಾನ ಹತ್ತಿಸ್ತೀನಿ," ಎಂದ ಗಿಲ್. "ಚಿತ್ರೀಕರಣಕ್ಕೆ ಕೇಡು ಮಾಡಿದ್ರೆ ಏನಾಗುತ್ತೆ ಅಂತ ಕರಾರಿನಲ್ಲೇ ಇದೆ. ಅವನ ಹೆಸರೂ ಹೋಗುತ್ತೆ, ಚಿತ್ರದ ಕೊನೇಲಿ ಬರೋ 'ಎನಿಡ್‌ಗಾಗಿ' ಅನ್ನೋ ಸಾಲೂ ಹೋಗುತ್ತೆ."

ಎನಿಡ್ ಡೆಸ್ಮಂಡನ ಹೆಂಡತಿ. ಆ ಬಳ್ಳಿ ನಿಜವಾಗಿಯೂ ಅವಳೇ ನೆಟ್ಟದ್ದು. ಆ ಒಂದು ಸಾಲಿಗಾಗಿ ಅವನು ಉಳಿದೆಲ್ಲವನ್ನೂ ಬಿಟ್ಟುಕೊಟ್ಟಿದ್ದನೆಂದು ತಂಡಕ್ಕೆಲ್ಲ ಗೊತ್ತಿತ್ತು.

ನನ್ನ ಹೆಂಡತಿ ಲೊರೇನ್ ಹೋಗಿ ಎಂಟು ತಿಂಗಳಾಗಿತ್ತು. ಅವಳ ಹೆಸರು ಗೋರಿಯ ಕಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಡೆಸ್ಮಂಡನೇ ಮಾಡಿರಲಿ ಎಂದು ನನ್ನ ಮನಸ್ಸು ಬಯಸಿತು. ದೇವರು ಕ್ಷಮಿಸಲಿ.

"ವಿಮಾನ ಎಲ್ಲೂ ಓಡಿಹೋಗಲ್ಲ, ಗಿಲ್," ಎಂದು ಬಾಗಿಲಿನಿಂದ ದನಿ ಬಂತು.

ಸ್ಟುಡಿಯೋ ಕಾವಲಿನ ಮುಖ್ಯಸ್ಥೆ ವರ್ಲೀನ್ ಓಕ್ಸ್. ಇಪ್ಪತ್ತಾರು ವರ್ಷ ಪೊಲೀಸ್ ಪತ್ತೆದಳದಲ್ಲಿದ್ದವರು. ಭಾನುವಾರ ನಾವಿಬ್ಬರೂ ಒಂದೇ ಚರ್ಚಿನಲ್ಲಿ ಕೂರುವವರು. ಅವರು ನನಗೆ ಸಿಸ್ಟರ್, ನಾನು ಅವರಿಗೆ ಬ್ರದರ್.

ಅವರು ಕುಂಬಳಕಾಯಿಯ ಸುತ್ತ ಒಂದು ಸುತ್ತು ಬಂದರು. ಬಿಸ್ಕತ್ತನ್ನು ಕರವಸ್ತ್ರದಲ್ಲಿ ಎತ್ತಿ, ಲೋಟದೊಳಗೆ ಬಹಳ ಹೊತ್ತು ನೋಡಿದರು. ಮತ್ತೆ ಮುಚ್ಚಿದರು.

"ಬ್ರದರ್ ಅಮೋಸ್, ಇದನ್ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ. ಗೇಟಿನ ಪುಸ್ತಕದ ಪ್ರಕಾರ ಏಳಕ್ಕೆ ಮೊದಲು ನಮ್ಮ ತಂಡದಿಂದ ಬಂದೋರು ಮೂರೇ ಜನ—ಡೆಸ್ಮಂಡ್, ಬರಹಗಾರ್ತಿ ಮಾರ್ಲಾ, ರೋರಿ. ಒಬ್ಬೊಬ್ಬರನ್ನೇ ಕರೀರಿ."

ಡೆಸ್ಮಂಡ್ ಅರ್ಧ ಮೀಸೆಯಲ್ಲಿ ಬಂದ. ಕಾಯಿಯನ್ನು ಕಂಡು ಟೋಪಿ ತೆಗೆದ.

"ಐದೂವರೆಗೆ ಬಂದಿದೀರಿ. ಎಲ್ಲಿದ್ರಿ?"

"ಅಮೋಸನ ಫ್ರಿಜ್ಜಿನಲ್ಲಿ ನನ್ನ ಚಹಾದ ಹಾಲಿಟ್ಟು ಮೇಕಪ್ ಕೋಣೆಗೆ ಹೋದೆ, ತಾಯಿ. ಇರೋದು ಒಂದು ಮಾತು, ಅದಕ್ಕೆ ಒಂದೂವರೆ ಗಂಟೆ ಮೀಸೆ!"

"ಜೊತೇಲಿ ಯಾರಿದ್ರು?"

"ಮೀಸೆ."

"ನಗೋ ಹೊತ್ತಲ್ಲ ಇದು. ರೋರಿ ಮೇಲೆ ಹೊಟ್ಟೆಕಿಚ್ಚು ಇದೆಯಾ?"

"ಇಲ್ದೆ ಏನು? ನನ್ನ ಕೋಟು ಹಾಕ್ಕೊಂಡು ಇನ್ನೊಬ್ಬ ನನ್ನ ಮುಂದೇನೇ ಮೆರೆದ ಹಾಗಿದೆ. ಆದ್ರೆ ಕೋಟು ಮಾರಿದೋನು ನಾನೇ. ಯಾರ ಮೇಲೆ ಕೂಗಾಡ್ಲಿ?"

ಮಾರ್ಲಾ ಫಿಂಚ್ ಕೈಕಟ್ಟಿ ನಿಂತಳು.

"ನಗು ಬರೋ ಸಾಲೆಲ್ಲ ಡೆಸ್ಮಂಡ್‌ದು, ಬರದೇ ಇರೋದು ಮಾರ್ಲಾದು—ಹಾಗಂತ ಇಲ್ಲಿ ಎಲ್ಲರೂ ಆಡ್ಕೋತಾರೆ. ಉರಿಯಲ್ವಾ ನನಗೆ? ಉರಿಯುತ್ತೆ. ಆದ್ರೂ ಎರಡು ತಿಂಗಳಿಂದ ದಿನಾ ಎಂಟಕ್ಕೆ ಅವನ ಜೊತೇನೇ ತಿಂಡಿ ತಿಂತೀನಿ. ಒಂದು ಸಿಹಿ ಕೊಟ್ರೆ ಮುಟ್ಟಲ್ಲ, ಸಕ್ಕರೆ ಕಾಯಿಲೆ ಪುರಾಣ ಶುರು ಮಾಡ್ತಾನೆ. ಮುದುಕ ಒಳ್ಳೆಯವನು, ಅದೇ ತೊಂದರೆ."

ರೋರಿ ಕ್ಯಾಸ್ಟಲೇನ್ ಕಪ್ಪು ಕನ್ನಡಕ ತೆಗೆಯದೆ ಕುರ್ಚಿಯಲ್ಲಿ ಕೂತ.

"ನಿನ್ನೆ ತಾಲೀಮು ಆದ್ಮೇಲೆ ನಿಮ್ಮ ಕೋಣೆ ಬಾಗಿಲು ಒದ್ರಂತೆ?"

"ಬಾಗಿಲು ಬಿಗಿಯಾಗಿತ್ತು."

"ಡೆಸ್ಮಂಡ್ ನಗಿಸಿದ್ದಕ್ಕಲ್ಲ?"

"ಮೇಡಂ, ಅವನು ಯಾರು ಅಂತಾನೇ ನನಗೆ ಸರಿಯಾಗಿ ಗೊತ್ತಿಲ್ಲ. ಅವನ ಚಿತ್ರ ನಾನು ನೋಡಿಲ್ಲ. ಇಂಥ ಚಿತ್ರ ಮಾಡೋವಾಗ ನಾವು ಮೂಲ ನೋಡಲ್ಲ, ಅದರ ನೆರಳು ಬೀಳಬಾರದು. ಎಲ್ಲ ಪತ್ರಿಕೆಗೂ ಹೇಳಿದೀನಿ."

"ಅವರ ಜೊತೆ ಯಾವತ್ತಾದ್ರೂ ಊಟ, ಕಾಫಿ?"

"ಇಲ್ಲ. ಒಂದು ದಿನಾನೂ ಇಲ್ಲ. ನಾನು ಕೋಣೇಲೇ ತಿಂತೀನಿ." ಅವನು ಪೆಟ್ಟಿಗೆಯತ್ತ ಬೆರಳು ತೋರಿಸಿದ. "ಇಷ್ಟೆಲ್ಲ ಯಾಕೆ? ಆ ಲೋಟ ನೋಡಿ! ಬಿಸ್ಕತ್ತು ಹಾಗೆ ಮುಚ್ಚಿಡೋನು ಅವನೊಬ್ಬನೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲು ಮುಟ್ಟಿಕೊಂಡದ್ದು ನನಗೆ ಆಗ ಹೊಳೆಯಲಿಲ್ಲ. ಸಿಸ್ಟರ್ ವರ್ಲೀನ್ ಮಾತ್ರ ಎದ್ದು ನಿಂತರು.

"ಎಲ್ಲರನ್ನೂ ಕರೀರಿ. ಬ್ರದರ್ ಅಮೋಸ್, ನಿಮ್ಮ ಫ್ರಿಜ್ ತೆಗೀರಿ."

ಫ್ರಿಜ್ಜಿನಲ್ಲಿ ನನ್ನ ಊಟದ ಡಬ್ಬ, ಅದಕ್ಕೆ ತಾಗಿಕೊಂಡೇ ಡೆಸ್ಮಂಡನ ಹಾಲಿನ ಬಾಟಲಿ. ಮುಚ್ಚಳದ ಮುದ್ರೆ ಒಡೆದಿರಲಿಲ್ಲ. ಅವರು ಎರಡನ್ನೂ ನೋಡಿದರು. ನನ್ನ ಮುಖವನ್ನೂ ನೋಡಿದರು. ಆಮೇಲೆ ಬಾಟಲಿಯನ್ನೂ ಲೋಟವನ್ನೂ ಡೆಸ್ಮಂಡನ ಮುಂದಿಟ್ಟು ಬಿಸ್ಕತ್ತು ಎತ್ತಿದರು.

"ಇದು ನಿಮ್ಮ ಚಹಾನಾ?"

ಡೆಸ್ಮಂಡ್ ಬಗ್ಗಿ ನೋಡಿದ. ಚಹಾದ ಮೇಲೆ ಹಳದಿ ಜಿಡ್ಡು ಸಣ್ಣ ಸಣ್ಣ ಕಣ್ಣಾಗಿ ತೇಲುತ್ತಿತ್ತು. ಅವನು ಮುಖ ಸಿಂಡರಿಸಿದ.

"ಕೆನೆ! ಚಹಾಕ್ಕೆ ಕೆನೆ! ಕುಂಬಳಕಾಯಿ ಕತ್ತರಿಸಿದೆ ಅಂತ ಬೇಕಾದ್ರೆ ಹೇಳಿ, ಸಹಿಸ್ಕೋತೀನಿ. ಇದನ್ನ ಮಾಡಿದೆ ಅಂತ ಮಾತ್ರ ಹೇಳಬೇಡಿ!"

"ತಿಂಡಿ ಮೇಜಿನ ಮೇಲೆ ಕಾಫಿಗೆ ಅಂತ ಇಡ್ತೀವಲ್ಲ, ಅರ್ಧ ಹಾಲು ಅರ್ಧ ಕೆನೆ ಡಬ್ಬ, ಅದು ಇದು," ಎಂದರು ಸಿಸ್ಟರ್. "ನಾವು ಅಮೆರಿಕದವರು ಯೋಚನೇನೇ ಮಾಡದೆ ಸುರಿಯೋದು. ಇಂಗ್ಲೆಂಡಿನೋರು ಸತ್ರೂ ಸುರಿಯಲ್ಲ. ಅವರ ಹಾಲು ಇಲ್ಲಿದೆ, ಮುದ್ರೆ ಒಡೆದಿಲ್ಲ. ಅಂದ್ರೆ ಈ ಲೋಟ ಬೇರೆ ಯಾರೋ ಇವರ ಹೆಸರಿಗೆ ತಂದಿಟ್ಟದ್ದು. ಈಗ ಬಿಸ್ಕತ್ತು. ಡೆಸ್ಮಂಡ್, ನೀವು ಹೀಗೆ ಮುಚ್ಚಿಡ್ತೀರಾ?"

ಅವನು ಲೋಟವನ್ನು ಆಚೆ ಸರಿಸಿದ.

"ಇಲ್ಲ. ನಾನು ಬಿಸ್ಕತ್ತು ಮುಟ್ಟಿ ಒಂಬತ್ತು ವರ್ಷ ಆಯ್ತು. ಅದು ಎನಿಡ್ ಅಭ್ಯಾಸ, ಚಹಾ ಆರಬಾರದು ಅಂತ ಮಾಡ್ತಿದ್ಲು. ಚಿತ್ರದಲ್ಲಿ ಅದನ್ನ ನನ್ನ ಪಾತ್ರಕ್ಕೆ ಕೊಟ್ಟೆ. ಅಷ್ಟೇ."

"ನಮ್ಮ ಚಿತ್ರದಲ್ಲಿ ಇದು ಇದೆಯಾ, ಮಾರ್ಲಾ?"

"ಇಲ್ಲ. ಚಹಾ ತೆಗೆದಾಗಲೇ ಅದೂ ಹೋಯ್ತು."

"ನೀವು ಹಳೇ ಚಿತ್ರ ನೋಡಿದೀರಿ. ಆದ್ರೆ ಇವರ ಪಕ್ಕದಲ್ಲೇ ಕೂತು ತಿಂದೋರು, ಇವರು ಬಿಸ್ಕತ್ತು ಮುಟ್ಟಲ್ಲ ಅಂತ ಬಲ್ಲಿರಿ. ಈ ಲೋಟ ಇಟ್ಟೋನಿಗೆ ಚಿತ್ರದ ಮನುಷ್ಯ ಗೊತ್ತು, ನಿಜವಾದ ಮನುಷ್ಯ ಗೊತ್ತಿಲ್ಲ." ಅವರು ತಿರುಗಿದರು. "ರೋರಿ, ಬಿಸ್ಕತ್ತು ಹೀಗೆ ಮುಚ್ಚಿಡೋನು ಇವನೊಬ್ಬನೇ ಅಂದ್ರಿ. ಜೊತೇಲಿ ಒಂದು ದಿನಾನೂ ಕೂತಿಲ್ಲ. ಚಿತ್ರ ನೋಡೇ ಇಲ್ಲ. ಹಾಗಾದ್ರೆ ಎಲ್ಲಿ ನೋಡಿದ್ರಿ?"

ರೋರಿ ಕನ್ನಡಕ ತೆಗೆದ. ನಿದ್ದೆಗೆಟ್ಟ ಕಣ್ಣು.

"ಎಷ್ಟು ಸಲ ನೋಡಿದೆ, ಮಾರಾಯ?" ಕೇಳಿದವನು ಡೆಸ್ಮಂಡ್.

"ನಲವತ್ತೊಂದು."

"ನಗು ಬಂತಾ?"

"ಪ್ರತಿ ಸಲಾನೂ." ರೋರಿ ಕನ್ನಡಕವನ್ನು ಮಡಚಿದ. "ಅದನ್ನೇ ತಡ್ಕೊಳ್ಳೋಕೆ ಆಗಲಿಲ್ಲ. ನೀನು ಇಲ್ಲಿ ನಿಂತಿದ್ರೆ ಎಲ್ಲರೂ ನನ್ನಲ್ಲಿ ನಿನ್ನನ್ನೇ ಹುಡುಕ್ತಾರೆ. ಕಳಿಸಿಬಿಟ್ರೆ ಸಾಕು ಅಂತ..."

"ನಲವತ್ತೊಂದು!" ಡೆಸ್ಮಂಡ್ ತಲೆಯಾಡಿಸಿದ. "ಎನಿಡ್ ಇದ್ದಿದ್ರೂ ಅಷ್ಟು ಸಲ ನೋಡ್ತಿರಲಿಲ್ಲ."

ತಾರೆಯಿಲ್ಲದೆ ಚಿತ್ರವಿಲ್ಲ, ಗಿಲ್ ಅವನನ್ನು ಬಿಡಲಾರ. ಸಿಸ್ಟರ್ ವರ್ಲೀನ್ ಅದನ್ನು ಬಲ್ಲವರು. ಸ್ಟುಡಿಯೋಗೆ ಕೊಡಬೇಕಾದ ವರದಿಯಲ್ಲಿ ರೋರಿಯ ಹೆಸರು ಬರೆದು, ಅದನ್ನು ಮಡಚಿ ಹಿಡಿದುಕೊಂಡು, "ಎನಿಡ್ ಸಾಲನ್ನು ಯಾವ ಕಾರಣಕ್ಕೂ ತೆಗೆಯುವುದಿಲ್ಲ ಅಂತ ಈಗಲೇ ಬರೆದುಕೊಡಿ," ಎಂದರು. ಗಿಲ್ ನಿಂತಲ್ಲೇ ಬರೆದುಕೊಟ್ಟ.

ಎಲ್ಲರೂ ಚದುರಿದ ಮೇಲೆ ಅವರು ನನ್ನ ಕಡೆಗೆ ಬಂದರು.

"ಬ್ರದರ್ ಅಮೋಸ್, ನಿಮ್ಮ ಡಬ್ಬ ಆ ಬಾಟಲಿಗೆ ಒತ್ತಿಕೊಂಡೇ ಇತ್ತು. ಸೀಲು ಒಡೆದಿಲ್ಲ ಅಂತ ಏಳು ಗಂಟೆಗೇ ನಿಮಗೆ ಗೊತ್ತಿತ್ತು. ಗಿಲ್ ಕೂಗಾಡ್ತಿದ್ದಾಗ ಒಂದು ಮಾತು ಹೇಳಬಹುದಿತ್ತಲ್ಲ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆ ಕಣ್ಣಿನ ಮುಂದೆ ಅದು ಹೊರಗೆ ಬರಲಿಲ್ಲ.

"ಅವನ ಹೆಂಡತಿ ಹೆಸರು ಊರೂರಿನ ಪರದೆ ಮೇಲೆ ಬರುತ್ತೆ, ಸಿಸ್ಟರ್. ನನ್ನವಳದ್ದು ಎಲ್ಲಿದೆ?"

ಅವರು ಗದರಲಿಲ್ಲ. "ದೇವರಿಗೆ ಭಾನುವಾರ ಹೇಳುವಿರಂತೆ. ಮೊದಲು ಡೆಸ್ಮಂಡ್‌ಗೆ ಹೇಳಿ," ಎಂದು ಬಾಟಲಿಯನ್ನು ನನ್ನ ಕೈಗಿಟ್ಟರು.

ಡೆಸ್ಮಂಡ್ ಪೆಟ್ಟಿಗೆಯ ಮೇಲೆ ಕೂತು, ನೆಲದಿಂದ ಆರಿಸಿದ ಬೀಜಗಳನ್ನು ಟೋಪಿಗೆ ಹಾಕುತ್ತಿದ್ದ. ಹಾಲನ್ನು ಅವನ ಮುಂದಿಟ್ಟು ನಾನು ಎಲ್ಲವನ್ನೂ ಹೇಳಿದೆ. ಅವನು ತಲೆಯೆತ್ತದೆ ಕೇಳಿದ. ಇನ್ನೂ ನಾಲ್ಕು ಬೀಜ ಆರಿಸಿದ. ಮೀಸೆಯ ಅರ್ಧ ಕಳಚಿ ಜೋತುಬಿದ್ದಿತ್ತು.

"ಹೆಸರೇನು ಅವರದು?"

"ಲೊರೇನ್."

"ಲೊರೇನ್," ಎಂದು ಅವನು ಒಮ್ಮೆ ಹೇಳಿನೋಡಿದ. ಆಮೇಲೆ ಪೆಟ್ಟಿಗೆಯ ಮೇಲೆ ನನಗೂ ಜಾಗವಾಗುವಂತೆ ಸ್ವಲ್ಪ ಆಚೆ ಸರಿದು ಕೂತ.