ಇಪ್ಪತ್ತೇಳನೆಯ ಟಿಕ್

“ಮಾಮಾ, ನೀವು ಆಗ್ಲೇ ಒಳಗೆ ಬಂದಿದ್ರಿ! ಮತ್ತೆ ಹೊರಗೆ ಹೋಗಿ ಮತ್ತೆ ಬಂದ್ರೆ ನನ್ನ ಲೆಕ್ಕ ತಪ್ಪುತ್ತೆ!” ಎಂದು ಮೆಣಸಿ ಕೂಗಿದಳು.

ಹೊಟ್ಟೆಯ ಮೇಲೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡಿದ್ದ ಮಾಮ ದಿಡ್ಡಿ ಬಾಗಿಲಿನಲ್ಲಿ ಬಗ್ಗಿದವರು ಹಾಗೇ ನಿಂತರು. “ಸಾರಿ ಮೇಡಮ್. ಬಾಗಿಲಿನ ಫೋಟೋ ತೆಗೀಬೇಕಿತ್ತು. ನನ್ನನ್ನ ಒಂದೇ ಅಂತ ಎಣಿಸಿ. ನೋಡೋಕೆ ಇಬ್ಬರ ಹಾಗಿದ್ರೂ ನಾನು ಒಬ್ಬನೇ.”

ಎಲ್ಲರೂ ನಕ್ಕರು. ಮೆಣಸಿ ನಗಲಿಲ್ಲ. ಅವಳ ಮುಷ್ಟಿಯೊಳಗೆ ಎಣಿಕೆಯ ಪುಟ್ಟ ಮೆಷಿನ್ ಇತ್ತು. ಒಬ್ಬರು ದಿಡ್ಡಿ ಬಾಗಿಲು ದಾಟಿದರೆ ಹೆಬ್ಬೆರಳಿನಿಂದ ಒಂದು ಸಲ ಗುಂಡಿ ಒತ್ತಬೇಕು. ಟಿಕ್. ಗಾಜಿನೊಳಗೆ ಅಂಕಿ ಒಂದು ಏರುತ್ತದೆ. ಕೋಟೆಯ ಹೆಬ್ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಅದರಲ್ಲೇ ಕೊರೆದ ಈ ದಿಡ್ಡಿ ಬಾಗಿಲಲ್ಲಿ ಒಂದು ಸಲಕ್ಕೆ ಒಬ್ಬರೇ ನುಸುಳಬೇಕು. ಎಣಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಅಮ್ಮ ಹೇಳಿಕೊಟ್ಟಿದ್ದಳು.

“ಎಷ್ಟು?” ಅಮ್ಮ ಮುಂದಿನಿಂದ ಕೇಳಿದಳು.

“ಇಪ್ಪತ್ತೇಳು!”

“ಭೇಷ್. ಈಗ ಸೊನ್ನೆ ಮಾಡ್ಕೋ. ಹೊರಗೆ ಹೋಗುವಾಗಲೂ ಇಪ್ಪತ್ತೇಳೇ ಬರ್ಬೇಕು.”

ಮೆಣಸಿಯ ಅಮ್ಮ ಗೈಡ್. ಮರಗಳ ಎಲೆ ಹಳದಿಯಾಗತೊಡಗಿದರೆ ಸಾಕು, ಅವರ ಹಳೆಯ ಊರಿಗೆ ಜನ ಬರಲು ಶುರು. ಅರಮನೆಯಲ್ಲಿ ಸಂಗೀತ, ಮ್ಯೂಸಿಯಮ್ಮಿನಲ್ಲಿ ಚಿತ್ರಗಳು, ಕಲ್ಲುಹಾಸಿನ ಬೀದಿಗಳಲ್ಲಿ ಬೆಳಗಿನ ನಡಿಗೆ, ಊರಾಚೆಯ ಈ ಕೋಟೆಗೆ ಒಂದು ದಿನದ ಬಸ್ ಟ್ರಿಪ್. ಎಲ್ಲದಕ್ಕೂ ಅಮ್ಮ ಬೇಕು. ಸಂಜೆ ಮನೆಗೆ ಬರುವಷ್ಟರಲ್ಲಿ ಅವಳ ಗಂಟಲು ಬಿದ್ದುಹೋಗಿರುತ್ತಿತ್ತು. ಮೆಣಸಿ ಶಾಲೆಯ ಕತೆ ಹೇಳಿದರೆ ಬರೀ ತಲೆಯಾಡಿಸುತ್ತಿದ್ದಳು. ಯಾರ್ಯಾರಿಗೋ ದಿನವಿಡೀ ಮಾತು, ತನಗೆ ಮಾತ್ರ ಕೈಸನ್ನೆ!

ಇವತ್ತು ಶಾಲೆಗೆ ರಜೆ. ಅಮ್ಮನ ಸಹಾಯಕ್ಕೆ ಬರಬೇಕಿದ್ದ ಆಫೀಸಿನ ಅಕ್ಕನಿಗೆ ಜ್ವರ. “ನೀನೇ ಬಾರೇ ಮೆಣಸಿ, ನನ್ನ ಬಾಲ ಆಗು” ಎಂದಿದ್ದಳು ಅಮ್ಮ. ಬಾಲ ಅಂದರೆ ಗುಂಪಿನ ಕೊನೆಯಲ್ಲಿ ನಡೆದು ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು. ಮೆಣಸಿ ಕುಣಿದಾಡಿಬಿಟ್ಟಿದ್ದಳು. ಇಡೀ ದಿನ ಅಮ್ಮನ ಜೊತೆ!

ಆದರೆ ಬಾಲಕ್ಕೂ ತಲೆಗೂ ನಡುವೆ ಎಷ್ಟು ದೂರ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅಮ್ಮ ಅಲ್ಲೆಲ್ಲೋ ಮುಂದೆ. ಅಮ್ಮನ ಕೈ ಹಿಡಿದು ಒಂದು ಕೆಂಪು ಟೋಪಿ.

ಆ ಹುಡುಗಿಗೂ ಮೆಣಸಿಯಷ್ಟೇ ವಯಸ್ಸು. ಅಜ್ಜಿಯ ಜೊತೆ ಬಂದಿದ್ದಳು. ಅಜ್ಜಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು. “ಇವಳ ಜವಾಬ್ದಾರಿ ನಿಂದೇ ಕಣಮ್ಮಾ” ಎಂದು ಅಮ್ಮನಿಗೆ ಹೇಳಿ ಬಸ್ಸಿನಲ್ಲೇ ಉಳಿದಿದ್ದರು. ಅಷ್ಟೇ, ಟೋಪಿ ಅಮ್ಮನಿಗೆ ಅಂಟಿಕೊಂಡುಬಿಟ್ಟಿತು.

“ಆಂಟಿ, ಈ ತೂತು ಯಾಕೆ?”

“ಶತ್ರುಗಳ ತಲೆ ಮೇಲೆ ಬಿಸಿ ಎಣ್ಣೆ ಸುರಿಯೋಕೆ ಪುಟ್ಟಾ.”

ಪುಟ್ಟಾ! ಮೆಣಸಿಯ ಹೊಟ್ಟೆಯೊಳಗೇ ಆ ಬಿಸಿ ಎಣ್ಣೆ ಸುರಿದಂತಾಯಿತು.

“ಆಂಟಿ, ರಾಜನಿಗೆ ಭಯ ಆಗ್ತಿರ್ಲಿಲ್ವಾ?”

“ಎಂಥಾ ಒಳ್ಳೆ ಪ್ರಶ್ನೆ! ಇದನ್ನ ಇದುವರೆಗೆ ಯಾರೂ ಕೇಳಿರ್ಲಿಲ್ಲ ನೋಡಿ” ಎಂದು ಅಮ್ಮ ಎಲ್ಲರ ಎದುರಿಗೇ ಹೊಗಳಿದಳು.

‘ನಾನು ಒಂದನೇ ಕ್ಲಾಸಲ್ಲೇ ಕೇಳಿದ್ದೆ’ ಎಂದುಕೊಂಡಳು ಮೆಣಸಿ. ಕಾಲಿಗೆ ಸಿಕ್ಕ ಒಣ ಎಲೆಗಳನ್ನೆಲ್ಲ ಒದ್ದಳು. ಒಮ್ಮೆ ಗುಂಪನ್ನು ಸೀಳಿಕೊಂಡು ಅಮ್ಮನ ಹತ್ತಿರ ಓಡಿದಳು. ಅಮ್ಮ ಅವಳ ಭುಜ ಹಿಡಿದು ತಿರುಗಿಸಿ ಮೆಲ್ಲಗೆ ಹೇಳಿದಳು: “ಬಾಲ ಹಿಂದೆ ಇರ್ಬೇಕು ಕಂದಾ.” ಪಕ್ಕದಲ್ಲಿ ಟೋಪಿ ನಗುತ್ತಿತ್ತು. ತನ್ನನ್ನು ನೋಡಿಯೇ ನಕ್ಕಿದ್ದು ಎನ್ನಿಸಿತು ಮೆಣಸಿಗೆ.

ಮಧ್ಯಾಹ್ನ ಊಟದ ಡಬ್ಬಿಗಳು ಬಿಚ್ಚಿದವು, ಮುಚ್ಚಿದವು. ಕಾವಲು ಗೋಪುರ ಹತ್ತಿದ್ದಾಯಿತು, ಇಳಿದದ್ದಾಯಿತು. ನಾಲ್ಕು ಗಂಟೆಗೆ ದಿಡ್ಡಿ ಬಾಗಿಲಿಗೆ ಬೀಗ. ಮೂರೂಮುಕ್ಕಾಲಿಗೆ ಅಮ್ಮ ಎಲ್ಲರನ್ನೂ ಹೊರಡಿಸಿದಳು. ಎಲ್ಲರಿಗಿಂತ ಮೊದಲು ಬಾಗಿಲಿಗೆ ಓಡಿ ನಿಂತು ಎಣಿಸಬೇಕಾಗಿದ್ದರಿಂದ ಮೆಣಸಿ ಒಳಗೋಡೆಯ ಪಕ್ಕದ ಅಡ್ಡದಾರಿ ಹಿಡಿದಳು.

ಅಲ್ಲೇ ಅವಳ ಕಾಲು ತಟ್ಟನೆ ನಿಂತಿತು.

ಗೋಡೆಯ ಬುಡದಲ್ಲಿ ಕೆಂಪು ಟೋಪಿ ಕುಳಿತಿತ್ತು. ಅದರ ಬೆರಳು ಒಂದು ಇಟ್ಟಿಗೆಯ ಮೇಲಿತ್ತು. ಯಾವುದೋ ಇಟ್ಟಿಗೆಯಲ್ಲ, ಅದೇ ಇಟ್ಟಿಗೆ!

ನೂರಾರು ವರ್ಷಗಳ ಹಿಂದೆ, ಇಟ್ಟಿಗೆ ಇನ್ನೂ ಹಸಿಯಾಗಿದ್ದಾಗ, ಒಂದು ಬೆಕ್ಕು ಅದರ ಮೇಲೆ ನಡೆದುಹೋಗಿತ್ತು. ನಾಲ್ಕು ಪುಟ್ಟ ಬೆರಳು, ಒಂದು ಅಂಗಾಲು, ಹಾಗೇ ಉಳಿದಿದ್ದವು. ಕಳೆದ ವರ್ಷ ಇಬ್ಬರೇ ಬಂದಿದ್ದಾಗ ಅಮ್ಮ ಅದನ್ನು ತೋರಿಸಿ, “ಇದನ್ನ ಯಾವ ಗುಂಪಿಗೂ ತೋರಿಸಲ್ಲ. ಇದು ನಮ್ಮಿಬ್ಬರದ್ದೇ” ಎಂದಿದ್ದಳು.

ಇದನ್ನೂ ಅಮ್ಮ ಇವಳಿಗೆ ತೋರಿಸಿಬಿಟ್ಟಳಾ! ಮೆಣಸಿ ಟೋಪಿಯನ್ನು ಕರೆಯಲಿಲ್ಲ. ಸದ್ದಾಗದಂತೆ ಬಾಗಿಲಿಗೆ ನಡೆದಳು.

ಟಿಕ್. ಟಿಕ್. ಟಿಕ್. ಒಬ್ಬೊಬ್ಬರೇ ಬಗ್ಗಿ ಹೊರಗೆ ಹೋದರು. ಕ್ಯಾಮೆರಾ ಮಾಮ ಕೊನೆಯವರು. “ನನ್ನದು ಒಂದೇ ಟಿಕ್ ಮೇಡಮ್” ಎಂದರು. ಟಿಕ್. ಇಪ್ಪತ್ತಾರು.

“ಎಷ್ಟು?” ಹೊರಗಿನಿಂದ ಅಮ್ಮನ ದನಿ. ಆಗಲೇ ಒಡೆದಿತ್ತು.

ದಿಡ್ಡಿ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಂದು ಒಣಗಿದ ಎಲೆ ಉರುಳುತ್ತಾ ಹೊಸ್ತಿಲು ದಾಟಿತು. ಮೆಣಸಿಯ ಹೆಬ್ಬೆರಳು ಗುಂಡಿಯನ್ನು ಒತ್ತಿತು.

ಟಿಕ್.

“ಇಪ್ಪತ್ತೇಳು” ಎಂದಳು.

ಬಸ್ಸು ನಿಂತಿದ್ದುದು ಇಳಿಜಾರಿನ ಕೆಳಗೆ, ಮರಗಳ ಆಚೆ. ಅಮ್ಮ ಮುಂದೆ, ಮೆಣಸಿ ಹಿಂದೆ. ‘ಸ್ವಲ್ಪ ಹೊತ್ತು ಒಬ್ಬಳೇ ಇರಲಿ, ಬುದ್ಧಿ ಬರುತ್ತೆ’ ಎಂದುಕೊಂಡಳು. ಹಿಂದೆ ಗೇಟು ಕಾಯುವ ತಾತ ಚಿಲಕ ಎಳೆದು ಬೀಗ ಹಾಕಿದ ಸದ್ದು ಕೇಳಿಸಿತು.

ಬಸ್ಸಿನ ಹತ್ತಿರ ಟೋಪಿಯ ಅಜ್ಜಿ ಇಳಿದು ನಿಂತಿದ್ದರು. ಒಂದು ಕೈ ಬಸ್ಸಿನ ಬಾಗಿಲಿಗೆ ಆತುಕೊಂಡಿತ್ತು, ಇನ್ನೊಂದು ಕೈಯಲ್ಲಿ ಪುಟ್ಟ ಸ್ವೆಟರ್ ಬಿಚ್ಚಿ ಹಿಡಿದಿದ್ದರು. ಬಂದವರ ಮುಖವನ್ನೆಲ್ಲ ನಗುತ್ತಾ ನೋಡುತ್ತಿದ್ದರು. ಹತ್ತು ಜನ ಬಂದರು, ಹದಿನೈದು ಜನ ಬಂದರು. ಅಜ್ಜಿಯ ನಗು ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಸ್ವೆಟರ್ ಹಿಡಿದ ಕೈ ಕೆಳಗಿಳಿಯಿತು.

ಮೆಣಸಿ ಹಿಂತಿರುಗಿ ಓಡಿದಳು.

“ತಾತಾ! ಬಾಗ್ಲು ತೆಗೀರಿ! ಒಳಗೆ ಒಬ್ಳು ಇದಾಳೆ!” ಎಂದು ಎರಡೂ ಕೈಯಿಂದ ಬಾಗಿಲು ಬಡಿದಳು. ಗೇಟಿನ ತಾತ ಗೊಣಗುತ್ತಾ ಬೀಗ ತೆಗೆದರು. “ಮತ್ತೆ ಎಲ್ಲಾ ಬಂದ್ರು ಅಂದ್ರಲ್ಲಮ್ಮಾ ನಿಮ್ಮಮ್ಮ?”

ಟೋಪಿ ಅಲ್ಲೇ ಕುಳಿತಿತ್ತು, ಆರಾಮಾಗಿ.

“ಅಬ್ಬಾ, ಈಗ ಬಂದ್ಯಾ! ನೀನೇ ಲಾಸ್ಟ್ ಬರೋದಲ್ವಾ, ಅದಕ್ಕೇ ಕಾಯ್ತಾ ಇದ್ದೆ. ಇಲ್ನೋಡು, ಬೆಕ್ಕಿನ ಕಾಲು!”

“ನಮ್ಮಮ್ಮ ತೋರಿಸಿದ್ರಾ?” ಮೆಣಸಿ ಏದುಸಿರು ಬಿಡುತ್ತಾ ಕೇಳಿದಳು.

“ಇಲ್ಲಪ್ಪ. ಶೂ ಲೇಸ್ ಕಟ್ಕೊಳ್ಳೋಕೆ ಕೂತೆ, ಕಾಣಿಸ್ತು. ಬೆಳಗ್ಗಿಂದ ನೀನೊಬ್ಳೇ ಹಿಂದೆ ಬರ್ತಿದ್ಯಲ್ಲಾ, ಫಸ್ಟ್ ನಿಂಗೇ ತೋರಿಸ್ಬೇಕು ಅಂತ...” ಟೋಪಿ ಸುತ್ತ ನೋಡಿತು. “ಎಲ್ರೂ ಎಲ್ಲಿ?”

ಮೆಣಸಿ ಅವಳ ಕೈ ಹಿಡಿದು ಎಳೆದಳು.

ಇಳಿಜಾರಿನಲ್ಲಿ ಅಮ್ಮ ಎದುರಿಗೆ ಓಡಿಬರುತ್ತಿದ್ದಳು. ಮುಖ ಬಿಳುಚಿತ್ತು. ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡಳು. ಬಸ್ಸಿನ ಹತ್ತಿರ ಬರುತ್ತಿದ್ದಂತೆ ಅಜ್ಜಿ ಮೊಮ್ಮಗಳಿಗೆ ಸ್ವೆಟರ್ ತೊಡಿಸಿದರು. ತೋಳು ಸಿಗದೆ ಎರಡು ಸಲ ತಡಕಾಡಿದರು. ಆಮೇಲೆ ಮೆಣಸಿಯ ಗಲ್ಲ ಹಿಡಿದು, “ನೀನು ನೋಡಿದ್ದಕ್ಕೆ ಸರಿಹೋಯ್ತು ನನ್ನವ್ವಾ. ನೂರು ವರ್ಷ ಬಾಳು” ಎಂದರು.

“ಮೆಷಿನ್ ಹಳೇದಾಗಿದೆ, ಎಲ್ಲೋ ಒಂದು ಜಾಸ್ತಿ ತೋರಿಸಿದೆ” ಎಂದರು ಡ್ರೈವರ್ ಮಾಮ.

ಕ್ಯಾಮೆರಾ ಮಾಮ ಈಗ ತಮಾಷೆ ಮಾಡಲಿಲ್ಲ. “ಮಗು ಕಳೆದುಹೋಗಿದ್ರೆ ಏನು ಗತಿ? ನಾನು ನಿಮ್ಮ ಆಫೀಸಿಗೆ ಬರೀತೀನಿ.”

“ಬರೀರಿ ಸರ್” ಎಂದಳು ಅಮ್ಮ. “ತಪ್ಪು ನಂದೇ. ನಾನೂ ಒಂದ್ಸಲ ಎಣಿಸ್ಬೇಕಿತ್ತು.”

ಬಸ್ಸು ಹೊರಟಿತು. ಅಮ್ಮ ಮೆಣಸಿಯನ್ನು ಮುಂದಿನ ಸೀಟಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಮೈಕ್ ಎತ್ತಿಕೊಂಡು ಒಡೆದ ದನಿಯಲ್ಲೇ ಹೇಳಿದಳು: “ಎಲ್ಲರ ಕ್ಷಮೆ ಕೇಳ್ತೀನಿ. ಇನ್ನೊಂದು ಮಾತು. ಇವತ್ತು ಒಬ್ಬಳು ಇಲ್ಲ ಅಂತ ಗೊತ್ತಾದ ತಕ್ಷಣ ಯಾರಿಗೂ ಕಾಯದೆ ಓಡಿದೋಳು ಇವಳು. ಇವಳು ನನ್ನ ಮಗಳು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಟೋಪಿ ಸಿಳ್ಳೆ ಹಾಕಿತು. ಅಮ್ಮನ ಕೈ ಮೆಣಸಿಯ ಭುಜದ ಮೇಲಿತ್ತು. ಬೆಳಗಿನಿಂದ ಅವಳು ಕಾದಿದ್ದು ಇದಕ್ಕೇ. ಈಗ ಆ ಕೈಯ ಭಾರ ತಡೆಯಲಾಗಲಿಲ್ಲ.

“ಅಮ್ಮಾ.”

“ಏನೇ?”

“ಮೆಷಿನ್ ಕೆಟ್ಟಿಲ್ಲ.”

ಅಮ್ಮ ಅವಳನ್ನೇ ನೋಡಿದಳು. ಕಿಟಕಿಯಾಚೆ ಮರಗಳು ಒಂದೊಂದಾಗಿ ಹಿಂದೆ ಹೋದವು. ಅಮ್ಮ ಬೈಯಲಿಲ್ಲ. ಮೈಕ್ ಆಫ್ ಮಾಡಿದಳು. ಆಮೇಲೆ ಕಾಲು ಪಕ್ಕಕ್ಕೆ ಸರಿಸಿ, ಮಗಳು ಎದ್ದು ಹೋಗುವಷ್ಟು ದಾರಿ ಬಿಟ್ಟಳು.

ಮೆಣಸಿ ಒಂದೊಂದೇ ಸೀಟು ಹಿಡಿದುಕೊಂಡು ಹಿಂದಕ್ಕೆ ನಡೆದಳು. ಬಸ್ಸು ಅಲ್ಲಾಡುತ್ತಿತ್ತು. ಕ್ಯಾಮೆರಾ ಮಾಮನನ್ನು ದಾಟಿದಳು.

“ಬಾ ಬಾ, ಕೂತ್ಕೋ” ಎಂದು ಅಜ್ಜಿ ಬ್ಯಾಗು ಸರಿಸಿ ಜಾಗ ಮಾಡಿಕೊಟ್ಟರು. ಟೋಪಿ ಕಿಟಕಿಯ ಕಡೆಗೆ ಒತ್ತಿಕೊಂಡಿತು.

ಮೆಣಸಿ ಕೂರಲಿಲ್ಲ.

“ಅಜ್ಜಿ, ನಾನು ಇವಳನ್ನ ಹುಡುಕಿಕೊಂಡು ಬಂದೋಳಲ್ಲ” ಎಂದಳು. “ನಾನೇ ಬಿಟ್ಟು ಬಂದಿದ್ದೆ.”